ಮಂಜು ಕರಗುವ ಮುನ್ನ

“ಇವತ್ತೇ ಹೆಲಿಕಾಪ್ಟರ್ ಬರಬೇಕು. ನಾಳೆ ಅಂದ್ರೆ ಈ ಕಾಲು ಉಳಿಯಲ್ಲ,” ಎಂದರು ಸರ್ವೆ ತಂಡದ ಡಾಕ್ಟರು.

ಗುಹೆಯಲ್ಲಿ ಮಲಗಿದ್ದ ಸರ್ವೆಯವನ ಪಾದ ಕಲ್ಲುರುಳಿ ಜಜ್ಜಿ ನೀಲಿಗಟ್ಟಿತ್ತು. ಅವನ ಸ್ವಂತ ಅಕ್ಕನೇ ತಂಡದ ವೈರ್‌ಲೆಸ್ ನೋಡಿಕೊಳ್ಳುವವಳು. ಮರುಮಾತಿಲ್ಲದೆ ಸೆಟ್ಟನ್ನು ಬೆನ್ನಿಗೇರಿಸಿದಳು. ಸಮುದ್ರದಂಚಿನ ರಕ್ಷಣಾ ಕೇಂದ್ರ ನೂರೈವತ್ತು ಕಿಲೋಮೀಟರ್ ದೂರ. ಎತ್ತರ ಹತ್ತಿದಷ್ಟೂ ದೂರ ಕೇಳಿಸುತ್ತದೆ ಎಂಬುದು ಅವಳ ಕಸುಬಿನವರಿಗೆಲ್ಲ ಬಾಯಿಪಾಠ. ದಾರಿ ಬಲ್ಲ ಮುದುಕನ ಹಿಂದೆ ಬೆಟ್ಟದ ತುದಿಗೆ ಹೊರಟಳು.

ಅರ್ಧ ದಾರಿಯ ದಟ್ಟ ಮಂಜಿನಲ್ಲಿ ಸೆಟ್ಟು ಗೊಣಗಿತು.

“ಯಾರೋ ಮಾತಾಡಿದ ಹಾಗಾಯ್ತಲ್ಲಮ್ಮಾ?”

“ಇಲ್ಲೇ ಇಷ್ಟು ಕೇಳಿದ್ರೆ ತುದೀಲಿ ಇನ್ನೆಷ್ಟು ಕೇಳ್ಬೇಡ! ನಡೀರಿ ತಾತ.”

ತುದಿಯಲ್ಲಿ ಬಿಸಿಲು ಹೊಳೆಯುತ್ತಿತ್ತು. ಕೆಳಗೆ ಕಣಿವೆಯಿಂದ ಸಮುದ್ರದವರೆಗೂ ಮಂಜು ಸಮತಟ್ಟಾಗಿ, ಬಿಳಿಯ ಹಾಸಿನಂತೆ ಹರಡಿತ್ತು. ಅದರ ಚೆಲುವು ನೋಡುವ ಮನಸ್ಸು ಯಾರಿಗಿತ್ತು? ಅವಳು ಹತ್ತು ಸಲ ಕೂಗಿದಳು. ಹತ್ತು ಸಲವೂ ಬರೀ ಸರಸರ ಸದ್ದು.

ಮುದುಕ ಸ್ವೆಟರ್ ಬಿಚ್ಚಿದ. “ಇದೇನು ಉಲ್ಟಾ ಹವೆ! ಕೆಳಗೆ ನಡುಕ, ಮೇಲೆ ಬೆವರು.”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ, ನನ್ನ ಬುದ್ಧಿಗಿಷ್ಟು! ತಾತ, ಕೆಳಗಿನ ತಣ್ಣನೆ ಗಾಳಿಗೆ ಬಿಸಿ ಗಾಳಿ ಮುಚ್ಚಳ ಹಾಕಿದೆ. ಸಿಗ್ನಲ್ ಮೇಲಕ್ಕೆ ತಪ್ಪಿಸ್ಕೊಳ್ಳದೆ ಅದರಡಿಯಲ್ಲೇ ಬಾಗಿ ಬಾಗಿ ದೂರ ಓಡುತ್ತೆ. ನಾವು ಮುಚ್ಚಳದ ಮೇಲೆ ಬಂದು ಕೂತಿದ್ದೀವಿ!”

“ಈಗೇನು ಮಾಡೋದು?”

“ಇಳಿಯೋದು. ಬಿಸಿಲಿಗೆ ಮಂಜು ಹೋದ್ರೆ ಮುಚ್ಚಳಾನೂ ಹೋಯ್ತು.”

ಬಿದ್ದೆವೋ ಕೆಟ್ಟೆವೋ ಎಂದು ಓಡಿದರು.

ಕಲ್ಲು ಜಾರಿತು. ಅವಳು ಸೆಟ್ಟನ್ನು ಎದೆಗವಚಿಕೊಂಡು ಮಂಡಿಯೂರಿ ಬಿದ್ದಳು. ಮಂಡಿ ಸುಲಿಯಿತು. ಎದ್ದು ಮತ್ತೆ ಓಡಿದಳು.

ಮಂಜು ಆಗಲೇ ಅಲ್ಲಲ್ಲಿ ಕರಗುತ್ತಿತ್ತು. ಅದೇ ಅರ್ಧ ದಾರಿಯ ಬಂಡೆಯ ಮೇಲೆ ನಿಂತು ಕೂಗಿದಳು. ಸೆಟ್ಟಿನಿಂದ ಗಂಡಸಿನ ದನಿಯೊಂದು ಉತ್ತರಿಸಿತು.

“ರಕ್ಷಣಾ ಕೇಂದ್ರ. ಪಕ್ಕದ ಮನೆಯಿಂದ ಮಾತಾಡಿದ ಹಾಗಿದೆ, ಹೇಳಿ!”

ಗಾಯದ ವಿಷಯ ಹೇಳಿ, ಗುಹೆಯಿರುವ ಜಾಗದ ಅಂಕಿಗಳನ್ನು ಒಂದೊಂದಾಗಿ ಓದಿದಳು. ಆತ ತಿರುಗಿ ಒಪ್ಪಿಸತೊಡಗಿದ. ಕೊನೆಯ ಎರಡು ಅಂಕಿ ಉಳಿದಿದ್ದಾಗ ದನಿ ಸಣ್ಣಗಾಗಿ ಅಡಗಿಹೋಯಿತು. ಮತ್ತೆಷ್ಟು ಕೂಗಿದರೂ ಉತ್ತರವಿಲ್ಲ.

ಆತ ಆ ಎರಡು ಅಂಕಿ ಬರೆದುಕೊಂಡನೋ ಇಲ್ಲವೋ? ಗುಹೆಗೆ ಮರಳಿದ ಮೇಲೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಡಗಡ ಸದ್ದು ಕೇಳಿತು. ಹೆಲಿಕಾಪ್ಟರ್ ನೇರವಾಗಿ ಗುಹೆಯ ಮುಂದಿನ ಬಯಲಿಗೇ ಇಳಿಯಿತು. ಆಗ ಅವಳ ಕಣ್ಣು ತುಂಬಿಕೊಂಡವು.

ಸ್ಟ್ರೆಚರಿನಿಂದಲೇ ತಮ್ಮ ಕೇಳಿದ, “ಬೆಟ್ಟದ ತುದಿ ಹೆಂಗಿತ್ತಕ್ಕಾ?”

“ಚೆನ್ನಾಗೇ ಇತ್ತು ಕಣೋ,” ಎಂದಳು ಮಂಡಿ ಒರೆಸಿಕೊಳ್ಳುತ್ತಾ. “ನಮ್ಮ ಕೆಲಸಕ್ಕೆ ಸ್ವಲ್ಪ ಎತ್ತರ ಜಾಸ್ತಿಯಾಯ್ತು ಅಷ್ಟೆ.”