ಕೊನೆಯ ತುಂಡಿನ ಹೊಲಿಗೆ

ದೇವಕಮ್ಮನ ಹೆಣವನ್ನು ಮೊದಲು ಕಂಡವನು ಚಿಂದಿ ಇಸಾಕ್. ಕಂಡವನು ಕೂಗಬೇಕಿತ್ತು, ಓಡಿದ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಡುಮಧ್ಯಾಹ್ನ, ಹೆಗಲ ಗಂಟಿನಿಂದ ದರ್ಜಿ ಅಂಗಡಿಯ ಬಣ್ಣಬಣ್ಣದ ಚೂರುಗಳನ್ನು ಉದುರಿಸುತ್ತ ಓಡುವವನನ್ನು ಹಿಡಿಯಲು ಬುದ್ಧಿ ಬೇಕಿಲ್ಲ. ಜನ ಚೂರುಗಳ ಹಿಂದೆಯೇ ಹೋದರು. ಹೆಡ್ ಕಾನ್ಸ್‌ಟೇಬಲ್ ರೇಣುಕಪ್ಪ ಬಂದು ಬಿಡಿಸುವಷ್ಟರಲ್ಲಿ ಇಸಾಕನ ಎರಡು ಹಲ್ಲು ಉದುರಿದ್ದವು, ಒಂದು ಕಣ್ಣು ಮುಚ್ಚಿತ್ತು, ಬಲಗೈಯ ಮೂಳೆ ಮುರಿದಿತ್ತು. ಕೈಗೆ ಪಟ್ಟಿ ಕಟ್ಟಿದವನು ನಾನೇ.

ಎಪ್ಪತ್ತೆಂಟನೆಯ ಇಸವಿ. ನಾನು, ತ್ರ್ಯಂಬಕ, ಆಗ ಅದೇ ಬೀದಿಯಲ್ಲಿ ಡಾಕ್ಟರು. ಆ ವರ್ಷಗಳಲ್ಲಿ ನಮ್ಮೂರಿಗೆ ಹೊಲಿಗೆ ಮೆಷಿನ್ನಿನ ಜ್ವರ ಬಂದಿತ್ತು. ಅದಕ್ಕೆ ನನ್ನಲ್ಲಿ ಔಷಧಿ ಇರಲಿಲ್ಲ. ಲಂಗಕ್ಕೆಂದು ಕತ್ತರಿಸಿದ್ದು ದಿಂಬಿನ ಚೀಲವಾಗುತ್ತಿತ್ತು. ದಿಂಬಿನ ಚೀಲ ಮಸಿಬಟ್ಟೆಯಾಗುತ್ತಿತ್ತು. ನನ್ನ ಹೆಂಡತಿ ಹೊಲಿದ ಅಂಗಿಗೆ ಎರಡೂ ತೋಳು ಎಡಗಡೆಯವು. ಹೀಗೆ ಕೆಟ್ಟದ್ದೆಲ್ಲ ಕೊನೆಗೆ ಸೇರುತ್ತಿದ್ದುದು ವಿಧವೆ ದೇವಕಮ್ಮನ ಕೋಣೆಗೆ. ಇಸಾಕ್ ತಂದುಕೊಡುವ ಚೂರುಗಳ ಜೊತೆ ಆಕೆ ಅದನ್ನೆಲ್ಲ ಜೋಡಿಸಿ ಕೌದಿ ಮಾಡುತ್ತಿದ್ದಳು.

ಈಗ ಆಕೆಯೇ ಆ ಕೋಣೆಯಲ್ಲಿ ಕವುಚಿ ಬಿದ್ದಿದ್ದಳು. ಕುತ್ತಿಗೆಯ ಸುತ್ತ ಪೆನ್ಸಿಲ್ ದಪ್ಪದ ಕಪ್ಪು ಬರೆ. ಕಣ್ಣುಗುಡ್ಡೆಗಳಲ್ಲಿ ರಕ್ತ, ಹಲ್ಲಿನ ನಡುವೆ ನಾಲಿಗೆ. ಉಗುರುಗಳು ಮುರಿದಿದ್ದವು. ಹಣೆ ಮೆಷಿನ್ನಿನ ಕಬ್ಬಿಣದ ಕಾಲಿಗೆ ಬಡಿದು ಸೀಳಿತ್ತು. ಹೆಡಕಿನಲ್ಲಿ ಸಣ್ಣದೊಂದು ಚುಚ್ಚುಗಾಯ — ಅದನ್ನು ಬರೆದುಕೊಂಡೆ, ಮರೆತೆ. ಮಡಿಲಿನಿಂದ ಜಾರಿದ ತೊಟ್ಟಿಲ ಕೌದಿ ಪಕ್ಕದಲ್ಲಿತ್ತು. ಸೂಜಿ ಅದರಲ್ಲೇ ಇತ್ತು. ಮೆಷಿನ್ನಿನ ಮೇಲೆ ಹೂವಿನ ಕಸೂತಿಯ ಮುಸುಕು ಅಂದವಾಗಿ ಹೊದ್ದಿತ್ತು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಜಲಾಲುದ್ದೀನ್ ಬಂದರು. ನರಸಿಂಹರಾಜಪುರದವರು, ದರ್ಜಿಯ ಮಗ. ಬಂದವರು ಹೆಣ ಬಿದ್ದ ಜಾಗಕ್ಕಿಂತ ಹೆಚ್ಚು ಹೊತ್ತು ಬಚ್ಚಲುಮನೆಯಲ್ಲಿ ಕಳೆದರು. ಅಲ್ಲಿಂದ ಕೈಗೆಲ್ಲ ಬೂದಿ ಮಾಡಿಕೊಂಡು ಬಂದು, "ಮನೆ ಯಜಮಾನರನ್ನ ಕರೀರಿ," ಎಂದರು.

ಸುಬ್ಬರಾಯ ದೇವಕಮ್ಮನ ಮೈದುನ. ಅಡಿಕೆ ಮಂಡಿಯಲ್ಲಿ ರೈಟರು. ಮಡಿ ಅಂದರೆ ಮಡಿ: ಅಂಗಡಿಯಿಂದ ತಂದ ಉಪ್ಪಿಗೂ ನೀರು ಚಿಮುಕಿಸುವ ಜನ. ಅಂಗೈ ಅಡ್ಡಕ್ಕೆ ಬಿದ್ದ ಸಪೂರ ಗಾಯಕ್ಕೆ ಅರಿಸಿನ ಮೆತ್ತಿಕೊಂಡಿದ್ದ. "ಬಾವಿಹಗ್ಗ ಜಾರಿತು," ಎಂದು ಹಿಂದಿನ ಸಂಜೆ ನನ್ನಿಂದಲೇ ಮುಲಾಮು ಒಯ್ದಿದ್ದ.

"ನಿನ್ನೆ ಮಂಡಿಗೆ ಹೋಗಲಿಲ್ವಾ ರಾಯರೇ?"

"ಸೊಂಟ ಹಿಡಿದಿತ್ತು. ಜಗಲಿಯಲ್ಲೇ ಇದ್ದೆ."

"ಏನು ಕೇಳಿಸ್ತು?"

"ಕೇಳಿಸೋದೆಂತ? ಅತ್ತಿಗೆಯ ಮೆಷಿನ್ನು! ಬೆಳಗಿಂದ ಕಟಕಟ, ಕಟಕಟ. ತಲೆ ಚಿಟ್ಟು ಹಿಡಿದುಹೋಯ್ತು. ಇಸಾಕ ಒಳಗೆ ಹೋದ — ಸದ್ದು ನಿಂತಿತು. ಆಮೇಲೆ ಓಡಿದ. ಇನ್ನೆಂತ ಬೇಕು?"

"ನಡುವೆ ನಿಲ್ಲಲೇ ಇಲ್ವಾ?"

"ಇಲ್ಲ ಮಾರಾಯ್ರೇ! ಬೇಕಾದ್ರೆ ಶೃಂಗೇರಿ ಅಮ್ಮನ ಆಣೆ." ಆಮೇಲೆ ದನಿ ತಗ್ಗಿಸಿ, "ಅವ ನಿಮ್ಮವನು. ನಿಮಗೂ ಸಂಕಟವೇ, ಗೊತ್ತುಂಟು," ಎಂದ.

"ಹೌದು," ಎಂದರು ಜಲಾಲುದ್ದೀನ್. "ಸತ್ತವರು ನಿಮ್ಮವರು. ನಿಮಗೂ ಇರಬೇಕಲ್ಲ, ಸಂಕಟ?"

ಅಡಿಗೆಮನೆಯ ಬಾಗಿಲಲ್ಲಿ ಬಳೆ ಸದ್ದಾಯಿತು. ಸುಬ್ಬರಾಯನ ಹೆಂಡತಿ ಅನ್ನಪೂರ್ಣೇಶ್ವರಿ. ತುಂಬುಬಸುರಿ. ಕೆನ್ನೆ ಬಾತು ನೇರಳೆಗಟ್ಟಿತ್ತು.

"ಏನಾಯ್ತಮ್ಮ ಮುಖಕ್ಕೆ?"

"ಬಚ್ಚಲಲ್ಲಿ ಜಾರಿದೆ."

"ಬಹಳ ಜನ ಜಾರ್ತಾರೆ," ಎಂದರು ಜಲಾಲುದ್ದೀನ್ ನನ್ನ ಕಡೆ ತಿರುಗಿ. "ಆದರೆ ಕೆನ್ನೆಯ ಮೇಲೆ ಐದು ಬೆರಳು ಮೂಡುವ ಬಚ್ಚಲು ಅಪರೂಪ. ಎಲ್ಲರೂ ಹಿಂದಿನ ಕೋಣೆಗೆ ಬನ್ನಿ. ರೇಣುಕಪ್ಪ, ಇಸಾಕನನ್ನೂ ಕರೆತಾ."

ಕೋಣೆಯಲ್ಲಿ ಅವರು ಕೌದಿಯನ್ನು ಮಂಚದ ಮೇಲೆ ಹರಡಿದರು. ಹಳೆಯ ಸೀರೆಗಳ ಚೌಕಗಳು, ಒಂದಕ್ಕೊಂದು ಕೂಡಿಸಿದ್ದು.

"ಡಾಕ್ಟ್ರೇ, ಈ ತುಂಡುಗಳನ್ನ ಜೋಡಿಸಿರೋ ಹೊಲಿಗೆ ನೋಡಿ."

ನೋಡಿದೆ. ಸಾಲಿನಿಂದ ಸಾಲಿಗೆ ಮೆಷಿನ್ನಿನ ಹೊಲಿಗೆ, ಇರುವೆ ಸಾಲಿನ ಹಾಗೆ ಒಂದೇ ಸಮ. ಕೊನೆಯದೊಂದು ತುಂಡು ಮಾತ್ರ ನೇರಳೆ ಬಣ್ಣದ್ದು. ಅದರ ಹೊಲಿಗೆ ಉದ್ದಗಿಡ್ಡ. ಅರ್ಧಕ್ಕೆ ನಿಂತಿತ್ತು.

"ಇದು ಕೈಹೊಲಿಗೆ," ಎಂದೆ.

"ಸೂಜಿಯೂ ಅಲ್ಲೇ ಇದೆ. ಅಂದರೆ ಆಕೆ ಸತ್ತದ್ದು ಕೈಯಲ್ಲಿ ಹೊಲಿಯುತ್ತಿದ್ದಾಗ. ಪಕ್ಕದಲ್ಲಿ ಮೆಷಿನ್ ಇಟ್ಟುಕೊಂಡು ಯಾರಾದರೂ ತುಂಡು ಜೋಡಿಸೋಕೆ ಕೈಹೊಲಿಗೆ ಹಾಕ್ತಾರಾ?" ಅವರು ಮುಸುಕು ಎಳೆದರು. "ಹಾಕ್ತಾರೆ. ಮೆಷಿನ್ ಓಡದಿದ್ದರೆ!"

ಮೆಷಿನ್ನಿನ ಮೇಲಿನ ಚಕ್ರ ಬರಿದು. ಕೆಳಗಿನ ಚಕ್ರವೂ ಬರಿದು. ಎರಡನ್ನೂ ಸುತ್ತುವ ಚರ್ಮದ ಬೆಲ್ಟು ಇರಲಿಲ್ಲ.

ನಾವೆಲ್ಲ ಆ ಮುಸುಕಿನ ಹೂಗಳನ್ನು ಮೆಚ್ಚಿದ್ದೆವು, ಎತ್ತಿರಲಿಲ್ಲ.

"ತೇವಕ್ಕೆ ಚರ್ಮ ಹಿಗ್ಗುತ್ತೆ," ಎಂದರು ಜಲಾಲುದ್ದೀನ್. "ಬೆಲ್ಟು ಸಡಿಲಾಗಿ ಚಕ್ರದ ಮೇಲೆ ಜಾರುತ್ತೆ. ಆಗ ಅದರ ತಂತಿಕೊಕ್ಕೆ ಬಿಡಿಸಿ, ಹೊರಗೆಳೆದು, ಒಂದು ಚೂರು ಕತ್ತರಿಸಿ ಮತ್ತೆ ಕೂಡಿಸಬೇಕು. ದೇವಕಮ್ಮ ಬಿಡಿಸಿ ಇಟ್ಟಿದ್ದರು. ಡಾಕ್ಟ್ರೇ, ಹೆಡಕಿನ ಗಾಯ?"

"ಕೊಕ್ಕೆ!" ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ಪೆನ್ಸಿಲ್ ದಪ್ಪದ ಬರೆಯೂ ಅದರದ್ದೇ. ಹಿಂದಿನಿಂದ ಬಂದು, ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದಿದ್ದಾನೆ. ಈಗ ಹೇಳಿ ರಾಯರೇ, ಬೆಲ್ಟಿಲ್ಲದ ಮೆಷಿನ್ನು ಇಸಾಕ್ ಬರೋವರೆಗೂ ಕಟಕಟ ಅಂದದ್ದು ಹೇಗೆ?"

ಸುಬ್ಬರಾಯ ಬೀದಿಯ ಕಡೆ ಕೈ ತೋರಿಸಿದ. "ಬೇರೆ — ಬೇರೆ ಮನೆಯದ್ದು ಇರಬೇಕು. ಬೀದಿ ತುಂಬ ಮೆಷಿನ್ನು."

"ಇರಲಿ. ಅಮ್ಮ, ನಿನ್ನೆ ನಿಮ್ಮ ಯಜಮಾನರು ಎಷ್ಟು ಸಲ ಮಿಂದರು?"

"ಇದೆಂಥ ಪ್ರಶ್ನೆ! ಸಾವಿನ ಮನೆ, ಮೀಯದೆ —"

"ಅಮ್ಮನ್ನ ಕೇಳಿದೆ."

ಅನ್ನಪೂರ್ಣೇಶ್ವರಿ ಗಂಡನನ್ನು ನೋಡಲಿಲ್ಲ. ಮೂಲೆಯಲ್ಲಿ ರಕ್ತ ಒಣಗಿದ ತುಟಿಯ ಇಸಾಕ್ ನಿಂತಿದ್ದ, ಅವನನ್ನು ನೋಡಿದಳು. ಮುರಿದ ಕೈಯನ್ನು ನೋಡಿದಳು.

"ಬೆಳಿಗ್ಗೆ ಒಂದು," ಎಂದಳು. "ಅಕ್ಕನ ಹೆಣ ಕಂಡಮೇಲೆ ಒಂದು. ನಡುವೆ ಒಂದು. ನಾನು ಗಿರಣಿಯಿಂದ ಹಿಟ್ಟು ತರುವಾಗ ಒದ್ದೆಪಂಚೆಯಲ್ಲಿ ನಿಂತಿದ್ರು. ಬಚ್ಚಲೊಲೆಯಲ್ಲಿ ಎಂತದೋ ಕೆಟ್ಟ ಕಮಟು. 'ಇಲಿ ಸತ್ತಿತ್ತು' ಅಂದ್ರು. ಆಗ ಇಸಾಕ್ ಇನ್ನೂ ಬಂದಿರಲೇ ಇಲ್ಲ."

ಸುಬ್ಬರಾಯ ಎಷ್ಟು ಬೇಗ ತಿರುಗಿದನೆಂದರೆ, ಸೊಂಟ ಹಿಡಿದವನೆಂದು ನಂಬಿದ್ದ ನಾನು ದಂಗಾದೆ. ಅವಳ ಬಾಯಿಗೇ ಹೊಡೆದ. ಅವಳು ಗೋಡೆಗೆ ಬಡಿದು ಕುಸಿದಳು. ಅವನ ಕೈ ಮೆಷಿನ್ನಿನ ಮೇಲಿದ್ದ ದೊಡ್ಡ ಕತ್ತರಿಗೆ ಹೋಯಿತು. ರೇಣುಕಪ್ಪ ಅಡ್ಡ ಬಂದ. ಕತ್ತರಿ ಅವನ ತೋಳನ್ನು ಮೊಣಕೈವರೆಗೆ ಸೀಳಿತು. ಜಲಾಲುದ್ದೀನ್ ಮಂಚದ ತುದಿಯ ಕಂಬಳಿ ಬೀಸಿ ಸುಬ್ಬರಾಯನ ತಲೆಗೆ ಮುಚ್ಚಿದರು. ಇಬ್ಬರೂ ನೆಲಕ್ಕೆ ಬಿದ್ದರು. ಕಂಬಳಿಯೊಳಗಿಂದ ಗೂಳಿಯ ಉಸಿರು, ಬೈಗುಳ, ಆಮೇಲೆ ಕೀಲು ತಪ್ಪಿದ ಸದ್ದು. ಕತ್ತರಿ ಠಣ್ಣನೆ ಉರುಳಿತು.

ಕೈಕೋಳ ಬಿದ್ದಮೇಲೆ ಜಲಾಲುದ್ದೀನ್ ಜೇಬಿನಿಂದ ಪೊಟ್ಟಣ ತೆಗೆದರು. ಬೂದಿ, ಅದರೊಳಗೆ ಸುಟ್ಟು ಕಪ್ಪಾದ ಸಣ್ಣ ತಂತಿಕೊಕ್ಕೆ.

"ಚರ್ಮ ಉರಿಯಿತು. ಇದು ಉಳಿಯಿತು. ರಾಯರೇ, ಕೊಂದದ್ದು ನೀವು. ಆದರೆ ಸತ್ತ ದನದ ಚರ್ಮ ಮುಟ್ಟಿದ್ದನ್ನ ತಡಕೊಳ್ಳೋಕೆ ಆಗಲಿಲ್ಲ. ಸಾವಿನ ಸ್ನಾನ ಸಾವು ಗೊತ್ತಾಗೋ ಮೊದಲೇ ಮಾಡಿದಿರಿ. ಅಂಗೈ ಕೊಯ್ದದ್ದು ಬಾವಿಹಗ್ಗವಲ್ಲ. ಆ ಹಗ್ಗ ಎರಡು ಬೆರಳು ದಪ್ಪ ಇದೆ, ನೋಡಿ ಬಂದೆ."

"ಯಾಕೆ?" ಎಂದೆ ನಾನು.

ಉತ್ತರ ಹೇಳಿದ್ದು ಅನ್ನಪೂರ್ಣೇಶ್ವರಿ. ರೇಣುಕಪ್ಪನ ತೋಳಿಗೆ ಪಟ್ಟಿ ಬಿಗಿದು ಬಂದು, ಅವಳ ತುಟಿಯ ಗಾಯಕ್ಕೆ ನಾನು ಒತ್ತಿಹಿಡಿದ ಹತ್ತಿಯ ಸಂದಿಯಿಂದ ರಕ್ತ ಇಳಿಯುತ್ತಲೇ ಇತ್ತು.

"ಆ ನೇರಳೆ ತುಂಡು ನನ್ನ ಸೀರೆದು. ಮೊನ್ನೆ ಹೊಡೆಯುವಾಗ ಅವರು ಎಳೆದು ಹರಿದದ್ದು. ಅಕ್ಕ ಹೆಕ್ಕಿಟ್ಟುಕೊಂಡ್ಳು. 'ಇದನ್ನ ನಿನ್ನ ಮಗುವಿನ ಕೌದಿಗೆ ಹಾಕ್ತೆ. ಕೂಸಿಗೆ ಹೊದಿಸಿದಾಗೆಲ್ಲ ಅಪ್ಪ ನೋಡಲಿ' ಅಂತ ಅವರೆದುರಿಗೇ ಅಂದ್ಳು."

ನಾನು ಕೌದಿಯ ಕಡೆ ನೋಡಿದೆ. ಬೇರೆ ತುಂಡುಗಳ ಅಂಚಿಗೆಲ್ಲ ಕತ್ತರಿ ಬಿದ್ದಿತ್ತು. ಅದೊಂದರ ಅಂಚು ಎಳೆಎಳೆ. ನಡುವೆ ಕಂದು ಕಲೆ.

ಸುಬ್ಬರಾಯನನ್ನು ಎಳೆದೊಯ್ದರು. ಬೀದಿಯಲ್ಲಿ ನಿನ್ನೆ ಇಸಾಕನಿಗೆ ಹೊಡೆದವರೇ ನೆರೆದಿದ್ದರು. ಇವತ್ತು ಯಾಕೋ ಯಾರಿಗೂ ಕೈ ಬರಲಿಲ್ಲ.

"ಸಾಹೇಬ್ರೇ," ಎಂದಳು ಅನ್ನಪೂರ್ಣೇಶ್ವರಿ, "ಉಳಿದ ಅರ್ಧ ನಾನು ಹೊಲಿಯಲಾ?"

"ಕೋರ್ಟಿಗೆ ಹೋಗುವ ಸಾಕ್ಷಿ ಅಮ್ಮ. ಮುಗಿಯೋವರೆಗೆ ಆ ಸೂಜಿಯೂ ಅಲುಗಬಾರದು."

ಅವಳು ತಲೆಯಾಡಿಸಿದಳು. ಗೋಡೆ ಹಿಡಿದು ಎದ್ದು, ಮೆಷಿನ್ನಿನ ಬರಿದಾದ ಚಕ್ರದ ಮೇಲೆ ಕೈಯಿಟ್ಟಳು.

"ಇಸಾಕ್, ಕೈ ಸರಿಯಾದ ಮೇಲೆ ಈ ಕಡೆ ಬಾ ಮಾರಾಯ. ಒಂದು ಹೊಸ ಬೆಲ್ಟು ತಂದುಕೊಡು."

ಇಸಾಕ್ ಒಡೆದ ತುಟಿಯಲ್ಲಿ ತಡವರಿಸಿದ. "ಅಮ್ಮಾ, ಅದು… ಚರ್ಮದ್ದು. ನೀವು ಮುಟ್ಟೋದು —"

"ಗೊತ್ತುಂಟು," ಎಂದಳು ಅವಳು. "ಗಟ್ಟಿ ಇರೋದು ನೋಡಿ ತಾ."