ತೊಳೆದ ಕಣ್ಣು

“ಏನು ಕಂಪ್ಯೂಟರಮ್ಮ, ನಿಮ್ಮ ಮಾಡೆಲ್ ಒಂದ್ಕಡೆ ಎಡವಿತಂತೆ?”

ಲ್ಯಾಬಿನ ಪಶುವೈದ್ಯ ಬಾಗಿಲಿಗೆ ಒರಗಿ ಕೇಳಿದ. ಬೇರೆ ದಿನವಾಗಿದ್ದರೆ ಆ ಕೀಟಲೆಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಅವಳೂ ಒಂದು ತಿರುಗೇಟು ಕೊಡುತ್ತಿದ್ದಳು. ಇವತ್ತು ಕತ್ತೆತ್ತಲಿಲ್ಲ.

ಅವಳು ರಾತ್ರಿಯೆಲ್ಲ ಎಚ್ಚರವಿದ್ದು ಕಣ್ಣು ಕೆಂಪಾಗಿಸಿಕೊಂಡು ಕಟ್ಟಿದ ಕಂಪ್ಯೂಟರ್ ಮಾಡೆಲ್ ಅದು. ರಾಸಾಯನಿಕದ ರಚನೆ ಕೊಟ್ಟರೆ ಸಾಕು, ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಹೇಳುತ್ತಿತ್ತು. ಕೊನೆಯ ಪರೀಕ್ಷೆಯಲ್ಲಿ ಅದರ ಉತ್ತರವನ್ನು ಮೊಲಗಳ ಕಣ್ಣಿನ ಜೊತೆ ಹೋಲಿಸಿ ನೋಡಿದ್ದರು. ಎಲ್ಲ ಹೊಂದಿದ್ದರೆ ಇನ್ನು ಮೊಲಗಳ ಮೇಲೆ ಪರೀಕ್ಷೆಯೇ ಬೇಡ, ಮೊಲದ ಕೋಣೆಗೆ ಬೀಗ. ಬೀಗ ಬಿದ್ದರೆ ಅವನಿಗೂ ಇಲ್ಲಿ ಕೆಲಸವಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

“ಆ ಪಾತ್ರೆ ತೊಳೆಯೋ ದ್ರಾವಣ ಕಣ್ಣು ಸುಡುತ್ತೆ ಅಂತು ಮಾಡೆಲ್. ನಿಮ್ಮ ಮೊಲಗಳಿಗೆ ಏನೂ ಆಗಿಲ್ಲ.”

ಅವನ ನಗು ಅಲ್ಲೇ ನಿಂತಿತು. “ಆ ದ್ರಾವಣಾನಾ?” ಎಂದ. ಆಮೇಲೆ, “ಬನ್ನಿ.”

ಮೊಲದ ಕೋಣೆಯಲ್ಲಿ ಹುಲ್ಲು, ಫಿನಾಯಿಲ್ ವಾಸನೆ. ಅವನು ಒಂದು ಬಿಳಿ ಮೊಲವನ್ನು ತೊಡೆಯ ಮೇಲಿಟ್ಟುಕೊಂಡ.

“ನಿಯಮದ ಪ್ರಕಾರ ಹನಿ ಬಿಟ್ಟ ಮೇಲೆ ಒಂದು ಗಂಟೆ ಮುಟ್ಟಬಾರದು. ಇವು ಕೂಗಲ್ಲ. ಮುಂಗಾಲಲ್ಲಿ ಮುಖ ಉಜ್ಜಿಕೊಳ್ಳೋಕೆ ನೋಡ್ತಾವೆ, ಅಷ್ಟೆ.” ಅವನು ಮೊಲದ ಕಿವಿ ಸವರಿದ. “ಮನಸ್ಸು ತಡೀಲಿಲ್ಲ. ಕೂಡಲೇ ಮೂರು ಮೊಲಗಳ ಕಣ್ಣೂ ತೊಳೆದುಬಿಟ್ಟೆ.”

ಅವಳಿಗೆ ಮೈಯೆಲ್ಲ ಉರಿಯಿತು. “ಮೂರನ್ನ ಉಳಿಸೋಕೆ ಹೋಗಿ ಸಾವಿರ ಮೊಲಗಳನ್ನ ಪಂಜರಕ್ಕೆ ಹಾಕ್ಸಿದ್ರಿ. ಏನೂ ಆಗಲ್ಲ ಅಂತ ಮಾರಿದ ದ್ರಾವಣ ನಾಳೆ ಯಾವುದೋ ಮನೆ ಸಿಂಕಿನ ಹತ್ರ ಯಾರದೋ ಕಣ್ಣಿಗೆ ಹಾರಿದ್ರೆ? ಅವರಿಗೆ ಯಾರು ತೊಳೀತಾರೆ?”

“ಗೊತ್ತಾಯ್ತು. ಈಗ್ಲೇ ಡೈರೆಕ್ಟರಿಗೆ ಹೇಳ್ತೀನಿ.”

“ಕೆಲಸ ಹೋಗುತ್ತೆ.”

“ನಿಮ್ಮ ಮಾಡೆಲ್ ಗೆದ್ದಿದ್ರೂ ಹೋಗ್ತಿತ್ತು. ಗೆಲ್ಲಲಿ ಅಂತಾನೇ ಇದ್ದೆ.” ಅವನು ತಲೆ ಎತ್ತಲಿಲ್ಲ. “ಗೆದ್ರೆ ನಿಮ್ಮ ರೂಮಿಗೆ ಬರೋಕೆ ನೆಪ ಇರಲ್ಲ ಅಂತಾನೂ ಅನ್ನಿಸ್ತಿತ್ತು.”

ಹೇಳಬೇಡಿ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಮೊಲ ಅವಳನ್ನೇ ನೋಡುತ್ತಿತ್ತು. ಅವನು ಹೋಗಲೆಂದು ಬಾಗಿಲು ತೆರೆದು ಹಿಡಿದಳು.

ಡೈರೆಕ್ಟರ್ ಕೋಣೆಯಿಂದ ಹೊರಬಂದಾಗ ಅವನ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ.

“ಆ ಒಂದು ಪರೀಕ್ಷೆ ಲೆಕ್ಕಕ್ಕಿಲ್ಲವಂತೆ. ನಿಮ್ಮ ಮಾಡೆಲ್ ಪಾಸು,” ಎಂದ.

“ಮತ್ತೆ ಮೊಲಗಳು?”

“ಬೇಡಿಕೊಂಡೆ. ಮೂರನ್ನೂ ಕೊಟ್ಟರು.”

ಗೇಟಿನವರೆಗೆ ಇಬ್ಬರೂ ಜೊತೆಗೆ ನಡೆದರು. ಅವನ ಕೈಯ ಬುಟ್ಟಿಯಲ್ಲಿ ಸರಪರ ಸದ್ದು. ಗೇಟಿನ ಹತ್ತಿರ ಅವಳು ಬುಟ್ಟಿಗೆ ಕೈಹಾಕಿ ಒಂದು ಮೊಲವನ್ನೆತ್ತಿ ಎದೆಗವಚಿಕೊಂಡಳು.

“ಇದು ನನ್ನ ಹತ್ರ ಇರಲಿ. ವಾರಕ್ಕೊಂದ್ಸಲ ಡಾಕ್ಟ್ರು ಮನೆಗೆ ಬಂದು ಕಣ್ಣು ನೋಡ್ಬೇಕು.”

“ಅದರ ಕಣ್ಣು ಚೆನ್ನಾಗೇ ಇದೆಯಲ್ಲ.”

“ಗೊತ್ತು,” ಎಂದಳು. “ಆದ್ರೂ ಬಂದು ನೋಡ್ಬೇಕು.”