ಮನೆಯವರನ್ನು ಕೇಳಬಾರದು

ಜೀಪು ನನ್ನ ಸ್ಕೂಟರಿನ ಹಿಂದೆಯೇ ಇತ್ತು... ಒಂದು ಗೇಣು ದೂರ!

ಒಳಗೆ ಫ್ಯಾಕ್ಟರಿ ಮ್ಯಾನೇಜರ್ ಕಳಿಸಿದ ಇಬ್ಬರು ದಾಂಡಿಗರು.

"ಗಾಡಿ ನಿಲ್ಸಮ್ಮಾ! ಫ್ಯಾಕ್ಟರಿ ಕಡೆ ಹೋದ್ರೆ ಕಾಲು ಮುರೀತೀವಿ!"

"ಮುರಿಯೋಕೆ ಮೊದ್ಲು ಹಿಡೀರೋ!"

ಎಡಕ್ಕೆ ಎಳೆದೆ. ತರಕಾರಿ ಗಾಡಿಗಳ ಸಂದಿಗೆ ನುಗ್ಗಿದೆ. ಜೀಪು ಸಿಕ್ಕಿಹಾಕಿಕೊಂಡಿತು.

ಸರ್ವೆ ಮಾಡುವುದು ನನ್ನ ಕಸುಬು, ಸಾರ್. ಕಂಪನಿ ಎಲ್ಲಿ ಕೆಟ್ಟಿದೆ ಎಂದು ಅದಕ್ಕೆ ಸಂಬಂಧಪಟ್ಟವರನ್ನೆಲ್ಲ ಕೇಳಿ ಪತ್ತೆ ಹಚ್ಚುತ್ತೇನೆ. ಈ ಬಟ್ಟೆ ಫ್ಯಾಕ್ಟರಿಯವರೂ ಅದಕ್ಕೇ ಕರೆಸಿದ್ದರು. ಕೆಲಸಗಾರರು, ಗಿರಾಕಿಗಳು, ಲಾರಿ ಡ್ರೈವರುಗಳು, ಕಾಂಪೌಂಡಿನಾಚೆಯ ಸಂಸಾರಗಳು... ಒಬ್ಬರನ್ನೂ ಬಿಟ್ಟಿರಲಿಲ್ಲ.

ನನ್ನ ತಮ್ಮನೊಬ್ಬನನ್ನು ಬಿಟ್ಟು.

ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನೇ ಅವನು.

"ಅಕ್ಕಾ, ಊರವರನ್ನೆಲ್ಲ ಕೇಳ್ತೀಯ. ನನ್ನನ್ನೂ ಒಂದ್ಸಲ ಕೇಳೇ," ಎಂದಿದ್ದ, ತಟ್ಟೆಯ ಮುಂದೆ ಕೂತು.

"ಮನೆಯವರನ್ನ ಕೇಳ್ಬಾರ್ದು ಕಣೋ. ರೂಲ್ಸು. ತೆಪ್ಪಗೆ ಉಣ್ಣು!"

ನಕ್ಕು ತುತ್ತು ಬಾಯಿಗಿಟ್ಟ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ.

ಆ ಬೆಳಿಗ್ಗೆ ಕೊನೆಯದಾಗಿ ಒಬ್ಬ ಲಾರಿ ಡ್ರೈವರನ್ನು ಕೇಳುತ್ತಿದ್ದೆ.

"ಬಾಯ್ಲರಿನ ಸೇಫ್ಟಿ ವಾಲ್ವನ್ನೇ ತಂತಿ ಸುತ್ತಿ ಕಟ್ಟಿಸಿದ್ದಾರಮ್ಮಾ ಮ್ಯಾನೇಜರು. ಅದು ಪದೇ ಪದೇ ಆವಿ ಬಿಟ್ಟು ಕೆಲಸ ನಿಲ್ತಿತ್ತಂತೆ. ಬೇಡ ಬೇಡ ಅಂತ ನಿಮ್ ತಮ್ಮ ಬಡ್ಕೊಂಡ... ನಿಮ್ಗೆ ಹೇಳಿಲ್ವಾ?"

ಪ್ರಶ್ನೆಪಟ್ಟಿ ಅಲ್ಲೇ ಬಿಸಾಡಿದೆ!

ಪೇಟೆಯ ಆಫೀಸಿಗೆ ಓಡಿ ಮ್ಯಾನೇಜರನ ಟೇಬಲ್ ಗುದ್ದಿದೆ.

"ಬಾಯ್ಲರ್ ಆರ್ಸಿ! ಈಗ್ಲೇ!"

"ಆರ್ಡರ್ ಮುಗೀಲಿ, ನೋಡೋಣ. ನೀವು ಬಾಯಿಗೆ ಬೀಗ ಹಾಕ್ಕೊಳ್ಳಿ."

ತಮ್ಮನಿಗೆ ಫೋನ್ ಮಾಡುವ ಹಾಗಿಲ್ಲ. ಫೋನುಗಳನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಅದಕ್ಕೇ ಸ್ಕೂಟರ್ ಹತ್ತಿದೆ, ಅದಕ್ಕೇ ಹಿಂದೆ ಆ ಜೀಪು!

ಗೇಟಿಗೆ ಬಂದಾಗ ಕೆಲಸಗಾರರೆಲ್ಲ ಹೊರಗೆ ಓಡಿ ಬರುತ್ತಿದ್ದರು.

"ನನ್ ತಮ್ಮ ಎಲ್ಲಿ?"

"ಬಾಯ್ಲರಿನ ಒತ್ತಡ ಏರ್ತಿದೆ ಅಂತ ನಮ್ಮನ್ನೆಲ್ಲ ಹೊರಗೆ ದಬ್ಬಿ, ತಂತಿ ಕತ್ತರಿಸ್ತೀನಿ ಅಂತ ಒಬ್ನೇ ವಾಪಸ್ ಹೋದ ಅಕ್ಕಾ..."

ಎರಡು ಹೆಜ್ಜೆ ಓಡಿದ್ದೆನೋ ಇಲ್ಲವೋ...

ಢಂ!

ನೆಲ ನಡುಗಿತು. ಆಮೇಲೆ ಬರೀ ಆವಿ.

ಹೊಟ್ಟೆ ಉರಿಯುತ್ತದೆ ಸಾರ್. ಒಂದೇ ಒಂದು ಮಾತು ಕೇಳಿದ್ದರೆ ನನ್ನ ಕೂಸಿನಂಥ ತಮ್ಮ ಇವತ್ತು ಇಲ್ಲೇ ಕೂತು ಉಣ್ಣುತ್ತಿದ್ದ.

ಈಗ ಅದೇ ಕಂಪನಿ ನಿಮ್ಮನ್ನು ಸರ್ವೆಗೆ ಕಳಿಸಿದೆ. ತೀರಿಕೊಂಡವನ ಮನೆಯವರ ಅಭಿಪ್ರಾಯ ಬೇಕಂತೆ.

ಕೂತುಕೊಳ್ಳಿ. ಪೆನ್ನು ತೆಗೆಯಿರಿ.

ಈಗ ಮನೆಯವರನ್ನು ಕೇಳಬಹುದಂತೆ... ಕೇಳಿ!